ಕಥೆ ಓದುತ್ತಾರೆ, ಅರ್ಥ ಆಗುತ್ತಾ? ನಿಮ್ಮ ಮಗುವಿಗೆ ಯಾವ ದಾರಿ ಹೊಂದುತ್ತೆ ಅಂತ ಆರಿಸೋದು ಹೇಗೆ

ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಅವಳ ಕೈಗೆ ಕೊಟ್ಟೆ.

"ಮಳೆ ನಿಂತಿತ್ತು. ರವಿ ಒಳಗೆ ಬಂದು ಛತ್ರಿ ಮಡಚಿ ಬಾಗಿಲ ಮೂಲೆಗೆ ಒರಗಿಸಿದ. ಅಜ್ಜಿ ಒಮ್ಮೆ ನೆಲ ನೋಡಿದಳು, ಒಮ್ಮೆ ರವಿಯ ಮುಖ ನೋಡಿದಳು. ಏನೂ ಹೇಳದೆ ಒಳಗೆ ಹೋಗಿ ಹಳೇ ಬಟ್ಟೆಯೊಂದನ್ನು ತಂದು ಅವನ ಕೈಗೆ ಕೊಟ್ಟಳು."

ಒಂದು ಅಕ್ಷರ ತಪ್ಪಲಿಲ್ಲ. ನಿಲ್ಲಿಸುವಲ್ಲಿ ನಿಲ್ಲಿಸಿ, ಟಿವಿಯಲ್ಲಿ ವಾರ್ತೆ ಓದುವವರ ಹಾಗೆ ಓದಿ ಮುಗಿಸಿದಳು. "ಅಜ್ಜಿ ಬಟ್ಟೆ ಯಾಕೆ ಕೊಟ್ಟಳು?" ಅಂದೆ. "ಅವನಿಗೆ ಬಟ್ಟೆ ಬೇಕಿತ್ತು ಅಮ್ಮ" ಅಂದಳು. ಅಷ್ಟೇ.

ಅದೇ ವಾರ ತಂಗಿ ತನ್ನ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನೂ ಅದೇ ವಯಸ್ಸು. ಚೀಟಿ ಅವನಿಗೂ ಕೊಟ್ಟೆ. 'ಛತ್ರಿ' ಹತ್ತಿರವೇ ಗಾಡಿ ನಿಂತಿತು. ಒತ್ತಕ್ಷರ ಬಿಡಿಸುವಷ್ಟರಲ್ಲಿ ಬೆವರು. 'ಒರಗಿಸಿದ' ಅನ್ನುವುದನ್ನು 'ಒರೆಸಿದ' ಅಂತ ಊಹಿಸಿ ಓದಿದ. ಮುಗಿದ ಮೇಲೆ ಅದೇ ಪ್ರಶ್ನೆ ಕೇಳಿದೆ, ಸುಮ್ನೆ ನನ್ನ ಮುಖ ನೋಡಿದ. ಆಮೇಲೆ ಅದೇ ನಾಲ್ಕು ಸಾಲನ್ನು ನಾನೇ ಓದಿ ಹೇಳಿದೆ. ಕಿಸಕ್ಕನೆ ನಕ್ಕ. "ನೆಲ ಎಲ್ಲಾ ಒದ್ದೆ ಮಾಡ್ಬಿಟ್ಟಿದಾನೆ ದೊಡ್ಡಮ್ಮ, ನೀನೇ ಒರೆಸು ಅಂತ ಕೊಟ್ಟಿದ್ದು!"

ನೆಲ ಒದ್ದೆಯಾಯಿತು ಅಂತ ಆ ನಾಲ್ಕು ಸಾಲಿನಲ್ಲಿ ಎಲ್ಲೂ ಇಲ್ಲ ನೋಡಿ.

ಮನೆಯಲ್ಲಿ ಇಬ್ಬರ ಬಗ್ಗೆಯೂ ಒಂದೇ ದೂರು: "ಓದಿದ್ದು ಅರ್ಥ ಆಗಲ್ಲ." ಇಬ್ಬರಿಗೂ ನಾವು ಮಾಡಿದ್ದೂ ಒಂದೇ ಕೆಲಸ. ಕಥೆಪುಸ್ತಕ ತಂದೆವು, ಪ್ರತಿ ಕಥೆಯ ಕೊನೆಗೆ ಪ್ರಶ್ನೆ ಬರೆದುಕೊಟ್ಟೆವು. ಒಬ್ಬನಿಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ. ಇನ್ನೊಬ್ಬಳಿಗೆ ಕಥೆ ಅಂದರೇ ಬೇಜಾರು ಬಂತು. ಓದಿ ಹೇಳುವುದು ಒಳ್ಳೆಯದಾ, ಮಗುವೇ ಓದುವುದಾ, ಚಿತ್ರ ಇರಬೇಕಾ, ಪ್ರಶ್ನೆ ಕೇಳಬೇಕಾ ಅಂತ ಜನ ಕೇಳಿದಾಗಲೆಲ್ಲ ನನಗೆ ಆ ಚೀಟಿ ನೆನಪಾಗುತ್ತದೆ. ಯಾವ ದಾರಿ ಒಳ್ಳೆಯದು ಅನ್ನುವುದಕ್ಕೆ ಮೊದಲು ಮಗು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಗೊತ್ತಾಗಬೇಕು.

ಮೊದಲು ಹತ್ತು ನಿಮಿಷದ ಪರೀಕ್ಷೆ

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಅನ್ನುವ ಇಬ್ಬರು ಸಂಶೋಧಕರು ಒಂದು ಸರಳ ಲೆಕ್ಕ ಮುಂದಿಟ್ಟರು. ಓದಿ ಅರ್ಥ ಮಾಡಿಕೊಳ್ಳುವುದು ಅಂದರೆ ಅಕ್ಷರ ಬಿಡಿಸುವ ಶಕ್ತಿಯನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದ್ದು. ಕೂಡಿಸಿದ್ದಲ್ಲ, ಗುಣಿಸಿದ್ದು. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಉತ್ತರ ಸೊನ್ನೆಯೇ. ನಮ್ಮನೆ ಇಬ್ಬರಿಗೆ ಸುಮ್ನೆ ಅಂದಾಜಿನ ಅಂಕಿ ಹಾಕಿ ನೋಡಿ. ಮಗಳಿಗೆ ಅಕ್ಷರ 0.9, ಅರ್ಥ 0.3. ತಂಗಿ ಮಗನಿಗೆ ಅಕ್ಷರ 0.3, ಅರ್ಥ 0.9. ಇಬ್ಬರದೂ ಗುಣಿಸಿದರೆ 0.27. ಹೊರಗಿನಿಂದ ನೋಡುವವರಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ, ಮಾರ್ಕ್ಸೂ ಹೆಚ್ಚುಕಡಿಮೆ ಒಂದೇ ಬರುತ್ತದೆ, ಆದರೆ ಒಬ್ಬರಿಗೆ ಬೇಕಾದ ಮದ್ದು ಇನ್ನೊಬ್ಬರಿಗೆ ನಾಟುವುದೇ ಇಲ್ಲ.

ಪರೀಕ್ಷೆ ಹೀಗೆ. ಒಂದೇ ಮಟ್ಟದ, ಮಗು ಹಿಂದೆ ಕೇಳಿರದ ಎರಡು ಸಣ್ಣ ಕಥೆ ತೆಗೆದುಕೊಳ್ಳಿ. ಒಂದನ್ನು ಮಗು ಓದಲಿ, ಇನ್ನೊಂದನ್ನು ನೀವು ಓದಿ ಹೇಳಿ. ಎರಡಕ್ಕೂ "ಏನಾಯ್ತು ಹೇಳು" ಅನ್ನಿ, ಒಂದೆರಡು 'ಯಾಕೆ' ಕೇಳಿ. ಕೇಳಿದ್ದನ್ನು ಚೆನ್ನಾಗಿ ಹೇಳಿ ಓದಿದ್ದನ್ನು ಹೇಳಲಾಗದಿದ್ದರೆ ತೊಡಕಿರುವುದು ಅಕ್ಷರದಲ್ಲಿ. ಎರಡನ್ನೂ ಹೇಳಲಾಗದೆ, ಆದರೆ ಸರಾಗವಾಗಿ ಓದುತ್ತಿದ್ದರೆ ತೊಡಕು ಅರ್ಥದಲ್ಲಿ. ಓದುವುದೂ ಕಷ್ಟ, ಕೇಳಿದ್ದೂ ತಲೆಗೆ ಹೋಗುವುದಿಲ್ಲ ಅಂದರೆ ಎರಡೂ ಕಡೆ ಕೆಲಸ ಇದೆ. ಅಂಥ ಮಗುವಿನ ಕಣ್ಣು, ಕಿವಿ ಒಮ್ಮೆ ತೋರಿಸಿಬಿಡಿ, ಎಷ್ಟೋ ಸಲ ವಿಷಯ ಅಲ್ಲೇ ಇರುತ್ತದೆ.

ಒಂದೇ ದಿನದ ಪರೀಕ್ಷೆ ನಂಬಬೇಡಿ. ನಿದ್ದೆ ಬಂದ ಮಗುವಿಗೆ ಯಾವ ಕಥೆಯೂ ಅರ್ಥವಾಗುವುದಿಲ್ಲ. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಿ.

ನಾವು ಓದಿ ಹೇಳುವುದಾ, ಅವರೇ ಓದುವುದಾ

ಇದರಲ್ಲಿ ಜಗಳ ಜಾಸ್ತಿ. "ನೀವೇ ಓದಿ ಹೇಳ್ತಾ ಇದ್ರೆ ಅವರು ಯಾವಾಗ ಕಲೀತಾರೆ" ಅನ್ನುವವರು ಒಂದು ಕಡೆ, "ಪುಸ್ತಕ ಕೈಗೆ ಕೊಟ್ಟು ಕೂರಿಸಿದರೆ ದ್ವೇಷ ಬರುತ್ತೆ" ಅನ್ನುವವರು ಇನ್ನೊಂದು ಕಡೆ.

ಅಕ್ಷರದಲ್ಲಿ ಒದ್ದಾಡುವ ಮಗುವಿಗೆ ಎರಡೂ ಬೇಕು, ಆದರೆ ಬೇರೆ ಬೇರೆ ಪುಸ್ತಕದಲ್ಲಿ. ಅವನೇ ಓದುವ ಪುಸ್ತಕ ತೀರಾ ಸುಲಭದ್ದಿರಲಿ, ಎರಡು ಪುಟ ಸಾಕು. ನೀವು ಓದಿ ಹೇಳುವ ಪುಸ್ತಕ ಅವನ ವಯಸ್ಸಿಗೆ ತಕ್ಕದ್ದು, ಬೇಕಾದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಯಾಕೆ ಅಂದರೆ ಅವನ ತಲೆ ಅವನ ಕಣ್ಣಿಗಿಂತ ಮುಂದಿದೆ. ಅವನು ಓದಬಲ್ಲ ಪುಸ್ತಕಗಳಷ್ಟನ್ನೇ ಕೊಟ್ಟರೆ ಹೊಸ ಪದ, ಉದ್ದ ವಾಕ್ಯ, ತಿರುವು ಇರುವ ಕಥೆ ಇದೆಲ್ಲ ಅವನ ಪಾಲಿಗೆ ನಿಂತೇ ಹೋಗುತ್ತದೆ. ಅಕ್ಷರ ಸರಿಹೋಗುವ ಹೊತ್ತಿಗೆ ಅರ್ಥದಲ್ಲೂ ಹಿಂದೆ ಬಿದ್ದಿರುತ್ತಾನೆ. ಇದು ನಿಧಾನಕ್ಕೆ ಆಗುವ ನಷ್ಟ, ಆ ಹೊತ್ತಿಗೆ ಯಾರಿಗೂ ಕಾಣುವುದಿಲ್ಲ.

ಸರಾಗವಾಗಿ ಓದಿಯೂ ಅರ್ಥವಾಗದ ಮಗುವಿನ ಮುಂದೆ "ಇನ್ನೂ ಓದು, ಇನ್ನೂ ಓದು" ಅನ್ನುವುದು ಬಹಳ ಜನ ಮಾಡುವ ತಪ್ಪು. ನಾನೂ ಮಾಡಿದೆ. ಅವಳು ಓದಿದ್ದೇ ಓದಿದ್ದು, ಪುಟ ತಿರುವಿದ್ದೇ ತಿರುವಿದ್ದು, ಒಳಗೆ ಏನೂ ಇಳಿಯಲಿಲ್ಲ. ಇಂಥ ಮಗುವಿಗೆ ಒಟ್ಟಿಗೆ ಕೂತು ಓದುವುದು ಸರಿ. ಒಂದು ಪ್ಯಾರಾ ನೀವು, ಒಂದು ಅವಳು, ನಡುವೆ ಮಾತು. ಗಟ್ಟಿಯಾಗಿಯೇ ಓದಿಸಬೇಕೆಂದಿಲ್ಲ. ಎಷ್ಟೋ ಮಕ್ಕಳು ಗಟ್ಟಿಯಾಗಿ ಓದುವಾಗ ಪೂರ್ತಿ ಗಮನವನ್ನು ಉಚ್ಚಾರಕ್ಕೇ ಕೊಟ್ಟಿರುತ್ತಾರೆ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ, ತಪ್ಪಾಗಬಾರದು ಅನ್ನುವ ಭಯ. ಅದೇ ಪ್ಯಾರಾವನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೋ ಅಂತ ಬಿಟ್ಟು ನೋಡಿ.

ಪ್ರಶ್ನೆ ಹಾಳೆಯಾ, ಮಾತಾ

ನನಗೆ ಗಟ್ಟಿ ಅಭಿಪ್ರಾಯ ಇರುವುದು ಈ ವಿಷಯದಲ್ಲಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ವಾಕ್ಯ ಓದಿ: "ಗಿಮ್ಮನು ತೊಪ್ಪದ ಮೇಲೆ ಕೂತು ಚಿರುಕವನ್ನು ಮೆಲ್ಲನೆ ಬೊಳಿಸಿದನು." ಈಗ ಪ್ರಶ್ನೆ. ಗಿಮ್ಮನು ಎಲ್ಲಿ ಕೂತನು? ತೊಪ್ಪದ ಮೇಲೆ. ಏನನ್ನು ಬೊಳಿಸಿದನು? ಚಿರುಕವನ್ನು. ಹೇಗೆ? ಮೆಲ್ಲನೆ. ಮೂರಕ್ಕೆ ಮೂರು ಅಂಕ. ಗಿಮ್ಮ ಯಾರು, ಚಿರುಕ ಅಂದರೇನು, ಬೊಳಿಸುವುದು ಒಳ್ಳೆಯದೋ ಕೆಟ್ಟದ್ದೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈಗಷ್ಟೇ ನಾನು ಕಟ್ಟಿದ ಪದಗಳವು. ವಿಭಕ್ತಿ ಪ್ರತ್ಯಯ ನೋಡಿಕೊಂಡೇ ಉತ್ತರ ಬರೆದುಬಿಡಬಹುದು.

ನನ್ನ ಮಗಳು ಮಾಡುತ್ತಿದ್ದದ್ದು ಇದನ್ನೇ. ಮೊದಲು ಪ್ರಶ್ನೆ ಓದುತ್ತಿದ್ದಳು, ಪ್ರಶ್ನೆಯ ಪದ ಕಥೆಯಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ಹುಡುಕುತ್ತಿದ್ದಳು, ಆ ಸಾಲನ್ನು ಹಾಗೇ ಇಳಿಸುತ್ತಿದ್ದಳು. ಕಥೆ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಹತ್ತಕ್ಕೆ ಒಂಬತ್ತು ಬರುತ್ತಿತ್ತು, ನಾನು ಖುಷಿಯಾಗಿದ್ದೆ. ಎರಡು ತಿಂಗಳು ಹೀಗೇ ನಡೆಯಿತು ಅಂತ ಹೇಳಿಕೊಳ್ಳುವುದಕ್ಕೆ ಈಗ ನಾಚಿಕೆ.

ಪ್ರಶ್ನೆ ಹಾಳೆ ಅಳೆಯುತ್ತದೆ, ಕಲಿಸುವುದಿಲ್ಲ. ಅಳೆಯುವುದನ್ನೂ ಮೇಲೆ ನೋಡಿದಿರಿ. ಡೊಲೊರೆಸ್ ಡರ್ಕಿನ್ ಅನ್ನುವವರು ಅಮೆರಿಕದ ತರಗತಿಗಳಲ್ಲಿ ಕೂತು ಗಮನಿಸಿ ಬರೆದ ವರದಿಯೊಂದು 1978-79ರಲ್ಲಿ ಬಂತು. ನಾಲ್ಕನೇ ತರಗತಿಯ ಓದಿನ ಪಾಠವನ್ನು 4,469 ನಿಮಿಷ ನೋಡಿದ್ದರಲ್ಲಿ ಅರ್ಥ ಮಾಡಿಕೊಳ್ಳುವುದು ಹೇಗೆ ಅಂತ ನಿಜವಾಗಿ ಕಲಿಸಿದ್ದು 20 ನಿಮಿಷ. ಪ್ರಶ್ನೆ ಕೇಳುವುದು, ಉತ್ತರ ತಪ್ಪೋ ಸರಿಯೋ ಅನ್ನುವುದು, ಹಾಳೆ ತುಂಬಿಸುವುದು, ಇವಕ್ಕೇ ಹೊತ್ತು ಹೋಗಿತ್ತು. ನಾವು ಮನೆಯಲ್ಲಿ ಮಾಡುವುದೂ ಅಷ್ಟೇ ಅಲ್ವಾ?

ಇದರ ಎದುರಿಗೆ ಇಡಬೇಕಾದದ್ದು ಮಾತು. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಎರಡು ಮೂರು ವರ್ಷದೊಳಗಿನ ಪುಟ್ಟ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ಪ್ರಯೋಗ ಮಾಡಿದರು. ಎರಡೂ ಗುಂಪಿನ ಅಪ್ಪ ಅಮ್ಮಂದಿರು ಮಕ್ಕಳಿಗೆ ಚಿತ್ರಪುಸ್ತಕ ಓದುತ್ತಿದ್ದರು. ಒಂದು ಗುಂಪಿಗೆ ಮಾತ್ರ ಓದುವ ರೀತಿ ಬದಲಿಸಲು ಹೇಳಿಕೊಟ್ಟರು. 'ಹೌದು, ಇಲ್ಲ' ಅಂತ ಮುಗಿಯದ ಪ್ರಶ್ನೆ ಕೇಳುವುದು, ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ವಾಪಸ್ ಹೇಳುವುದು, ಬರಬರುತ್ತಾ ಕಥೆ ಹೇಳುವ ಕೆಲಸವನ್ನು ಮಗುವಿಗೇ ಬಿಡುವುದು. ತಿಂಗಳ ಕೊನೆಗೆ ಆ ಮಕ್ಕಳ ಮಾತು ಇನ್ನೊಂದು ಗುಂಪಿಗಿಂತ ಮುಂದಿತ್ತು. ಪುಸ್ತಕ ಓದಿದ್ದು ಎರಡೂ ಕಡೆ ಇದ್ದೇ ಇತ್ತು, ಮಾತಾಡಿದ ರೀತಿ ಬೇರೆಯಾಗಿತ್ತು.

ಆದರೆ ಮಾತಿನ ಹೆಸರಲ್ಲೂ ಪರೀಕ್ಷೆ ನುಗ್ಗಿಬಿಡುತ್ತದೆ, ಹುಷಾರು. "ಹೇಳು ಹೇಳು, ಛತ್ರಿ ಎಲ್ಲಿಟ್ಟ?" ಅಂತ ಕೇಳಿದರೆ ಅದು ಬಾಯಲ್ಲಿ ಆಡಿದ ಪ್ರಶ್ನೆ ಹಾಳೆ, ಅಷ್ಟೇ. ನಾನು ಪ್ರಶ್ನೆಗಳನ್ನು ಮೂರು ಥರ ಮಾಡಿಕೊಂಡಿದ್ದೇನೆ. ಸಾಲಿನಲ್ಲೇ ಇರುವುದು: ರವಿ ಛತ್ರಿ ಎಲ್ಲಿಟ್ಟ? ಸಾಲುಗಳ ನಡುವೆ ಇರುವುದು: ಅಜ್ಜಿ ನೆಲ ಯಾಕೆ ನೋಡಿದಳು? ಸಾಲಿನ ಆಚೆಗಿರುವುದು: ನೀನಾಗಿದ್ದರೆ ಬೈಯುತ್ತಿದ್ದೆಯಾ, ಸುಮ್ಮನೆ ಬಟ್ಟೆ ಕೊಡುತ್ತಿದ್ದೆಯಾ? ಮೊದಲನೆಯದು ಒಂದು ಸಾಕು. ಮೂರನೆಯದು ಮಜವಾಗಿರುತ್ತದೆ, ಮಕ್ಕಳು ಅದಕ್ಕೆ ಕಥೆ ಓದದೆಯೂ ಉತ್ತರ ಕೊಟ್ಟುಬಿಡುತ್ತಾರೆ. ಕೆಲಸ ಆಗುವುದು ನಡುವಿನದರಲ್ಲಿ. ಅದಕ್ಕೆ ಕಥೆಯ ಎರಡು ಕಡೆಯ ಸುಳಿವು ಹಿಡಿದು ತನಗೆ ಗೊತ್ತಿರುವ ಇನ್ನೊಂದನ್ನು ಸೇರಿಸಬೇಕು. ಮಳೆ, ಛತ್ರಿ, ನೆಲ, ಬಟ್ಟೆ. ನೀರು ಸೋರುತ್ತದೆ ಅನ್ನುವುದನ್ನು ಮಗು ತಂದು ಹಾಕಬೇಕು.

ಉತ್ತರ ತಪ್ಪಾದರೆ ಸರಿ ಉತ್ತರ ಹೇಳಿಬಿಡುವುದು ಸುಲಭ. ಅದರ ಬದಲು "ಯಾವ ಸಾಲು ನೋಡಿ ಹಾಗಂದೆ?" ಅನ್ನಿ. ಮಗಳಿಗೆ ಹಾಗೆ ಕೇಳಿದೆ. 'ಬಟ್ಟೆ ತಂದು ಅವನ ಕೈಗೆ ಕೊಟ್ಟಳು' ಅನ್ನುವ ಸಾಲು ತೋರಿಸಿದಳು. "ಸರಿ, ಬಟ್ಟೆ ಹೊಸದಾ ಹಳೆಯದಾ?" ಹಳೇದು. "ಹಳೇ ಬಟ್ಟೆ ನಾವು ಏನಕ್ಕೆ ಇಟ್ಟುಕೊಂಡಿರ್ತೀವಿ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಓ... ಛತ್ರಿಯಿಂದ ನೀರು!" ಆ 'ಓ' ಬರುವವರೆಗೆ ಬಾಯಿ ಮುಚ್ಚಿಕೊಂಡು ಕೂರುವುದೇ ದೊಡ್ಡವರಿಗೆ ಕಷ್ಟದ ಕೆಲಸ. ಮನಸ್ಸಿನಲ್ಲೇ ಹತ್ತು ಎಣಿಸುತ್ತಾ ಕೂರುತ್ತೇನೆ.

ಹಾಗಂತ ಹಾಳೆ ಪೂರ್ತಿ ಬೇಡವಾ? ಶಾಲೆ ಪರೀಕ್ಷೆ ಇದ್ದೇ ಇರುತ್ತದೆ, ಬರೆದು ಅಭ್ಯಾಸ ಆಗಬೇಕು. ವಾರಕ್ಕೊಂದು ಸಾಕು. ಅದರಲ್ಲೂ ಪ್ರಶ್ನೆಯ ಪದ ಕಥೆಯಲ್ಲಿ ಹಾಗೇ ಸಿಗದಂಥ ಹಾಳೆ ಆರಿಸಿ.

ಓದುವಾಗ ನಿಲ್ಲಿಸುವುದಾ, ಕೊನೆಗೆ ಕೇಳುವುದಾ

ನಡುನಡುವೆ ನಿಲ್ಲಿಸಿದರೆ ಕಥೆಯ ಓಟ ಹೋಗುತ್ತದೆ ಅನ್ನುವ ಮಾತು ನಿಜ. ಪ್ರತಿ ಪುಟಕ್ಕೂ "ಮುಂದೇನಾಗಬಹುದು?" ಅಂದರೆ ಯಾವ ಮಗುವಾದರೂ ಎದ್ದು ಹೋಗುತ್ತದೆ. ಆದರೆ ಕೊನೆಗೇ ಕೇಳಿದರೆ ಎಲ್ಲಿ ದಾರಿ ತಪ್ಪಿತು ಅಂತ ಮಗುವಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಅರ್ಥದಲ್ಲಿ ಎಡವುವ ಮಕ್ಕಳದು ಒಂದು ವಿಚಿತ್ರ. ತಮಗೆ ಅರ್ಥವಾಗಿಲ್ಲ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ. ಎಲೆನ್ ಮಾರ್ಕ್‌ಮನ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಮೀನಿನ ಬಗ್ಗೆ ಒಂದು ಬರಹ ಕೊಟ್ಟಿದ್ದರು. ಸಮುದ್ರದ ತಳದಲ್ಲಿ ಬೆಳಕೇ ಇರುವುದಿಲ್ಲ ಅಂತ ಒಂದು ಕಡೆ ಇತ್ತು. ಅಲ್ಲಿನ ಕೆಲವು ಮೀನುಗಳು ಬಣ್ಣ ನೋಡಿ ಆಹಾರ ಗುರುತಿಸುತ್ತವೆ ಅಂತಲೂ ಇತ್ತು. ಬೆಳಕಿಲ್ಲದ ಕಡೆ ಬಣ್ಣ ಹೇಗೆ ಕಾಣುತ್ತದೆ ಅಂತ ಎಷ್ಟೋ ಮಕ್ಕಳು ಕೇಳಲೇ ಇಲ್ಲ. ಆರನೇ ತರಗತಿಯವರೂ ಅದರಲ್ಲಿದ್ದರು. ಓದಿದರು, ತಲೆಯಾಡಿಸಿದರು, ಮುಂದೆ ಹೋದರು.

ಅದಕ್ಕೇ ಇಂಥ ಮಕ್ಕಳಿಗೆ ಓದುವಾಗಲೇ ನಿಲ್ಲಿಸುವುದು ಮೇಲು ಅನ್ನುತ್ತೇನೆ. ಒಂದು ಕಥೆಗೆ ಎರಡು ಅಥವಾ ಮೂರು ಕಡೆ, ಜಾಸ್ತಿ ಬೇಡ. ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ನೀವು ಕಥೆ ಓದಿಕೊಂಡು ಗುರುತು ಹಾಕಿಕೊಳ್ಳಿ. ನಿಲ್ಲಿಸುವ ಹೊಣೆಯನ್ನು ಮಗುವಿಗೇ ಕೊಡುವ ದಾರಿಯೂ ಇದೆ, ನಮ್ಮನೆಯಲ್ಲಿ ಚೆನ್ನಾಗಿ ನಡೆದದ್ದು ಅದೇ. ಕಥೆ ಓದಿ ಹೇಳುವಾಗ ಬೇಕಂತಲೇ ಒಂದು ತಪ್ಪು ಸೇರಿಸುತ್ತೇನೆ. ಕಾಲು ಮುರಿದುಕೊಂಡು ಮಲಗಿದ್ದ ಕುದುರೆಯನ್ನು ಮುಂದಿನ ಪುಟದಲ್ಲಿ ಓಡಿಸಿಬಿಡುತ್ತೇನೆ. ಹಿಡಿದವರಿಗೆ ಒಂದು ಪಾಯಿಂಟ್. ಮೊದಮೊದಲು ಮಗಳಿಗೆ ಒಂದೂ ಸಿಗಲಿಲ್ಲ, ಕುದುರೆ ಓಡಿದರೂ ಹಾರಿದರೂ ಅವಳಿಗೆ ಒಂದೇ ಆಗಿತ್ತು. ಮೂರನೇ ವಾರಕ್ಕೆ ನಾನು ನಿಜವಾಗಿ ತಪ್ಪಿ ಓದಿದ್ದನ್ನೂ ಹಿಡಿಯತೊಡಗಿದಳು.

ಸ್ವಲ್ಪ ದೊಡ್ಡ ಮಕ್ಕಳಿಗೆ ಇದಕ್ಕಿಂತ ಕಟ್ಟುನಿಟ್ಟಾದ ವಿಧಾನ ಇದೆ. ಆನ್‌ಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ಬರೆದದ್ದು. ನಾಲ್ಕು ಕೆಲಸ: ಮುಂದೇನು ಅಂತ ಊಹಿಸುವುದು, ಪ್ರಶ್ನೆ ಹಾಕುವುದು, ಗೊತ್ತಾಗದ್ದನ್ನು ಬಿಡಿಸಿಕೊಳ್ಳುವುದು, ಇಷ್ಟು ಹೊತ್ತು ಓದಿದ್ದನ್ನು ಚಿಕ್ಕದಾಗಿ ಹೇಳುವುದು. ಮೊದಲು ದೊಡ್ಡವರು ಮಾಡಿ ತೋರಿಸುತ್ತಾರೆ, ಆಮೇಲೆ ಮಕ್ಕಳೇ ಸರದಿಯಲ್ಲಿ ಟೀಚರ್ ಆಗುತ್ತಾರೆ. ಅವರು ಮಾಡಿದ್ದು ಏಳನೇ ತರಗತಿಯ ಮಕ್ಕಳ ಜೊತೆ. ಏಳೆಂಟು ವರ್ಷದವರಿಗೆ ನಾಲ್ಕನ್ನೂ ಒಟ್ಟಿಗೆ ಹೇರಬೇಡಿ. ಊಹಿಸುವುದಕ್ಕಂತೂ ಎಲ್ಲರೂ ತಯಾರು, ಚಿಕ್ಕದಾಗಿ ಹೇಳುವುದೇ ಕಷ್ಟ. ಮಗು ಟೀಚರ್ ಆಗಿ ನಿಮಗೇ ಪ್ರಶ್ನೆ ಹಾಕುವ ಆಟ ಮಾತ್ರ ಎಲ್ಲ ವಯಸ್ಸಿಗೂ ಒಗ್ಗುತ್ತದೆ. ಬೇಕಂತಲೇ ತಪ್ಪು ಉತ್ತರ ಕೊಡಿ, ಆಗ ನೋಡಿ ಗತ್ತು.

ಕಥೆ ವಾಪಸ್ ಹೇಳಿಸುವುದಾ, ಚಿತ್ರ ಬಿಡಿಸುವುದಾ, ಆಡಿ ತೋರಿಸುವುದಾ

ವಾಪಸ್ ಹೇಳಿಸುವುದಕ್ಕೆ ಖರ್ಚಿಲ್ಲ, ತಯಾರಿ ಬೇಡ. ಮಗುವಿನ ತಲೆಯೊಳಗೆ ಕಥೆ ಹೇಗೆ ಕೂತಿದೆ ಅಂತ ಅದರಷ್ಟು ಚೆನ್ನಾಗಿ ತೋರಿಸುವುದು ಬೇರೆ ಇಲ್ಲ. ಕೇಳುವಾಗ 'ಆಮೇಲೆ' ಮತ್ತು 'ಅದಕ್ಕೇ' ಇವೆರಡರ ಕಡೆ ಕಿವಿಯಿಡಿ. "ಮಳೆ ಬಂತು ಆಮೇಲೆ ರವಿ ಬಂದ ಆಮೇಲೆ ಅಜ್ಜಿ ಬಂದಳು ಆಮೇಲೆ ಬಟ್ಟೆ ಕೊಟ್ಟಳು" ಅಂತ ಬರೀ 'ಆಮೇಲೆ' ಸಾಲುಗಟ್ಟಿದರೆ ಮಗು ಘಟನೆಗಳನ್ನು ನೆನಪಿಟ್ಟುಕೊಂಡಿದೆ, ಕಥೆ ಕಟ್ಟಿಕೊಂಡಿಲ್ಲ ಅಂತ ಅರ್ಥ. 'ಅದಕ್ಕೇ', 'ಯಾಕಂದ್ರೆ', 'ಆದ್ರೆ' ಬರತೊಡಗಿದಾಗ ದಾರಿಗೆ ಬಂದ ಹಾಗೆ.

ನಾಚುವ ಮಗು, ಮಾತು ಕಮ್ಮಿ ಇರುವ ಮಗು ಆದರೆ ಆಡಿ ತೋರಿಸಲಿ, ಗೊಂಬೆ ಹಿಡಿದು ಮಾಡಲಿ. ಚಿತ್ರದ ವಿಷಯದಲ್ಲಿ ನನಗೆ ಅಷ್ಟು ನಂಬಿಕೆ ಇಲ್ಲ. ಮಕ್ಕಳು ತಮಗೆ ಬಿಡಿಸಲು ಬರುವುದನ್ನು ಬಿಡಿಸುತ್ತಾರೆ, ಕಥೆಯಲ್ಲಿ ಇದ್ದದ್ದನ್ನಲ್ಲ. ನನ್ನ ಮಗಳ ಎಲ್ಲ ಕಥೆಯಲ್ಲೂ ಸೂರ್ಯ, ಎರಡು ಬೆಟ್ಟ, ಒಂದು ಮನೆ. ಮಳೆಯ ಕಥೆಯಲ್ಲೂ ಸೂರ್ಯ.

ಹಳೇ ಕಥೆಯಾ, ಹೊಸದಾ

ಒಂದೇ ಪುಸ್ತಕವನ್ನು ಇಪ್ಪತ್ತನೇ ಸಲ ಓದು ಅನ್ನುವ ಮಗುವನ್ನು ಬೈಯಬೇಡಿ. ಮೊದಲ ಸಲ ಏನಾಯಿತು ಅನ್ನುವುದರ ಮೇಲೆ ಗಮನ, ಮೂರನೇ ಸಲ ಯಾಕಾಯಿತು ಅನ್ನುವುದರ ಮೇಲೆ. ಪದಗಳೂ ಹಾಗೇ ಒಳಗೆ ಇಳಿಯುತ್ತವೆ. ಚಿಕ್ಕವರಿಗೆ, ಮಾತು ನಿಧಾನ ಇರುವವರಿಗೆ, ಅಕ್ಷರ ಕಷ್ಟ ಇರುವವರಿಗೆ ಹಳೇ ಕಥೆಯೇ ಲಾಭ. ಆದರೆ ಬಾಯಿಪಾಠವಾದ ಕಥೆಯನ್ನು ಮಗು 'ಓದುತ್ತಿದೆ' ಅಂತ ಮೋಸ ಹೋಗಬೇಡಿ. ಪುಟ ಮುಚ್ಚಿದರೂ ಹೇಳುತ್ತಾರೆ ಅಂದರೆ ಕಣ್ಣಿಗೆ ಅಲ್ಲಿ ಕೆಲಸ ಇಲ್ಲ.

ಶುರು ಮಾಡುವ ಮುಂಚೆ ಕಥೆ ಏನರ ಬಗ್ಗೆ ಅಂತ ಹೇಳುವುದಾ ಬೇಡವಾ ಅನ್ನುವುದೂ ಒಂದು ಪ್ರಶ್ನೆ. ಹೇಳಿ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಬಟ್ಟೆ ಒಗೆಯುವುದರ ಬಗ್ಗೆ ಒಂದು ಬರಹವನ್ನು, ಅದು ಬಟ್ಟೆ ಒಗೆಯುವುದು ಅಂತ ಎಲ್ಲೂ ಹೆಸರೆತ್ತದೆ ಬರೆದು, ದೊಡ್ಡವರಿಗೇ ಕೇಳಿಸಿದರು. ವಿಷಯ ಮೊದಲೇ ತಿಳಿದಿದ್ದವರಿಗೆ ಅರ್ಥವಾಯಿತು, ನೆನಪೂ ಉಳಿಯಿತು. ತಿಳಿಯದಿದ್ದವರು ಕಕ್ಕಾಬಿಕ್ಕಿ. ಮುಗಿದ ಮೇಲೆ ಹೇಳಿದ್ದರಿಂದ ಏನೂ ಲಾಭವಾಗಲಿಲ್ಲ. ಪತ್ತೇದಾರಿ ಕಥೆಯ ಗುಟ್ಟು ಬಿಟ್ಟುಕೊಡಿ ಅಂತಲ್ಲ, "ಇದು ಹಡಗಿನಲ್ಲಿ ನಡೆಯುವ ಕಥೆ" ಅಂದರೆ ಸಾಕು.

ಕಾಗದ, ಸ್ಕ್ರೀನ್, ಆಡಿಯೋ

ಇಲ್ಲಿ ಜನ ಹೆದರುವಷ್ಟು ಹೆದರಬೇಕಿಲ್ಲ. 2018ರಲ್ಲಿ ಬಂದ ಒಂದು ಅಧ್ಯಯನ 54 ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮಾಹಿತಿ ಕೊಡುವ ಬರಹಗಳಲ್ಲಿ ಸ್ಕ್ರೀನಿಗಿಂತ ಕಾಗದದ್ದು ಚೆನ್ನಾಗಿ ಅರ್ಥವಾಗುತ್ತದೆ, ಬರೀ ಕಥೆಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದರಲ್ಲಿ ಹೆಚ್ಚಿನವರು ದೊಡ್ಡ ವಿದ್ಯಾರ್ಥಿಗಳು ಅನ್ನುವುದು ನೆನಪಿರಲಿ. ಪುಟ್ಟ ಮಕ್ಕಳಿಗೆ ನಾನು ಕಾಗದವನ್ನೇ ಆರಿಸುತ್ತೇನೆ, ಕಾರಣ ಬೇರೆ. ಮುಟ್ಟಿದರೆ ಕಪ್ಪೆ ಕುಣಿಯುವ, ಬಾಗಿಲು ಕಿರ್ ಅನ್ನುವ ಆ್ಯಪ್ ಕಥೆಯಲ್ಲಿ ಮಗು ಕಪ್ಪೆ ಕುಣಿಸುತ್ತಾ ಕೂರುತ್ತದೆ, ಕಥೆ ಒಂದು ಕಡೆ ಹೋಗಿರುತ್ತದೆ. ಹಿಂದಿನ ಪುಟಕ್ಕೆ ತಿರುವಿ "ಇಲ್ಲಿ ಏನಂದಿದ್ದ ನೋಡು" ಅನ್ನುವುದಕ್ಕೂ ಕಾಗದ ಸುಲಭ.

ಆಡಿಯೋ ಕಥೆ ಅಕ್ಷರದಲ್ಲಿ ಒದ್ದಾಡುವ ಮಗುವಿಗೆ ವರ. ಪುಸ್ತಕ ಮುಂದಿಟ್ಟುಕೊಂಡು ಬೆರಳಿಡುತ್ತಾ ಕೇಳಿದರೆ ಇನ್ನೂ ಒಳ್ಳೆಯದು. ಆದರೆ ಅದು ನಿಮ್ಮ ಬದಲಿಗೆ ಬರುವುದಿಲ್ಲ, ಯಾಕೆ ಅಂದರೆ ಆಡಿಯೋಗೆ ನಿಲ್ಲಿಸಿ 'ಯಾಕೆ' ಅಂತ ಕೇಳಲು ಬರುವುದಿಲ್ಲ. ಚಿತ್ರ ಪುಸ್ತಕವಾದರೆ ಚಿತ್ರ ನೋಡಿಯೇ ಉತ್ತರ ಕೊಡುತ್ತಿದ್ದಾರಾ ಅಂತ ಆಗಾಗ ಚಿತ್ರಕ್ಕೆ ಕೈ ಅಡ್ಡ ಇಟ್ಟು ಪರೀಕ್ಷಿಸಿ.

ಸುಲಭದ್ದಾ, ಕಷ್ಟದ್ದಾ

ಒಂದು ಪುಟದಲ್ಲಿ ಗೊತ್ತಿಲ್ಲದ ಪದಕ್ಕೊಂದು ಬೆರಳು ಮಡಚು, ಐದೂ ಮಡಚಿದರೆ ಪುಸ್ತಕ ಕಷ್ಟ ಅನ್ನುವ ಲೆಕ್ಕ ಕೇಳಿರುತ್ತೀರಿ. ಅಕ್ಷರಕ್ಕೆ ಅದು ಪರವಾಗಿಲ್ಲ. ಅರ್ಥಕ್ಕೆ ಮಾತ್ರ ನಂಬಬೇಡಿ. ಛತ್ರಿಯ ಕಥೆಯಲ್ಲಿ ನನ್ನ ಮಗಳು ಒಂದು ಬೆರಳನ್ನೂ ಮಡಚುತ್ತಿರಲಿಲ್ಲ.

ಬರೀ ಕಥೆ ಸಾಕಾ

ಸಾಕಾಗುವುದಿಲ್ಲ. ಕಥೆಯನ್ನೇ ನೆಚ್ಚಿಕೊಂಡವರು ಮರೆಯುವ ವಿಷಯ ಇದು. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಏಳು ಎಂಟನೇ ತರಗತಿಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆಯೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದು ಆಟ ಚೆನ್ನಾಗಿ ಗೊತ್ತಿದ್ದವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಒದ್ದೆ ಛತ್ರಿಯನ್ನು ಒಳಗೆ ತಂದು ನೆಲ ಹಾಳು ಮಾಡಿ ಬೈಸಿಕೊಂಡ ಮಗುವಿಗೆ ಆ ಕಥೆ ಎಷ್ಟು ಬೇಗ ಅರ್ಥವಾಗಬಹುದು ಯೋಚಿಸಿ. ತಂಗಿಯ ಮಗನಿಗೆ ಆ ಅನುಭವ ಜಾಸ್ತಿ ಅಂತ ತಂಗಿಯೇ ಹೇಳಿದಳು.

ಹಾಗಾಗಿ ನಾಲ್ಕು ಕಥೆಗೆ ಒಂದಾದರೂ ಕಥೆಯಲ್ಲದ ಪುಸ್ತಕ ಇರಲಿ: ಇರುವೆ, ಸೇತುವೆ, ಗ್ರಹ, ಏನಾದರೂ. ಕಥೆಯ ಜೊತೆ ಜೋಡಿಸಿ ಕೊಟ್ಟರೆ ಇನ್ನೂ ಹಿಡಿಯುತ್ತದೆ. ಹಡಗಿನ ಕಥೆ ಓದಿದ ವಾರ ಹಡಗು ಹೇಗೆ ತೇಲುತ್ತದೆ ಅನ್ನುವುದನ್ನೂ ಓದಿ. ಭಾಷೆ ಯಾವುದು ಅಂತ ಕೇಳಿದರೆ, ಮಗು ಜಗಳ ಆಡುವ ಭಾಷೆಯಲ್ಲೇ ಶುರು ಮಾಡಿ. ಸುಳಿವು ಹಿಡಿಯುವುದು, ಕಾರಣ ಹುಡುಕುವುದು ಒಂದು ಭಾಷೆಯಲ್ಲಿ ಬಂದರೆ ಇನ್ನೊಂದಕ್ಕೆ ಅದನ್ನು ಹೊತ್ತುಕೊಂಡು ಹೋಗಬಹುದು. ಪದ ಮಾತ್ರ ಹೊಸದಾಗಿ ಕಲಿಯಬೇಕು.

ನಮ್ಮನೆಯಲ್ಲಿ ಕೊನೆಗೆ ಆರಿಸಿಕೊಂಡದ್ದು

ತಂಗಿಯ ಮಗನಿಗೆ ದಿನಾ ಹತ್ತು ನಿಮಿಷ ಒತ್ತಕ್ಷರದ ಅಭ್ಯಾಸ, ಅದಕ್ಕೆ ಕಥೆ ಬೆರೆಸಲಿಲ್ಲ. ಆಮೇಲೆ ಅವನಮ್ಮ ಓದಿ ಹೇಳುವ ದಪ್ಪ ಪುಸ್ತಕ, ಅದರಲ್ಲಿ ಅಭ್ಯಾಸ ಬೆರೆಸಲಿಲ್ಲ. ಎರಡನ್ನೂ ಬೇರೆ ಇಟ್ಟಿದ್ದೇ ಅವನಿಗೆ ಕಥೆಯ ಮೇಲಿನ ಪ್ರೀತಿ ಉಳಿಸಿತು ಅಂತ ತಂಗಿ ಹೇಳುತ್ತಾಳೆ. ಈಗಲೂ ನಿಧಾನವೇ, ಆದರೆ ಊಹಿಸಿ ಓದುವುದು ಕಮ್ಮಿಯಾಗಿದೆ.

ಮಗಳಿಗೆ ಪ್ರಶ್ನೆ ಹಾಳೆ ನಿಲ್ಲಿಸಿದೆ. ವಾರಕ್ಕೆ ಮೂರು ದಿನ, ಒಂದು ಸಣ್ಣ ಕಥೆ, ಒಟ್ಟಿಗೆ. ಎರಡು ಕಡೆ ನಿಲ್ಲಿಸುವುದು, ಒಂದು ಸುಳ್ಳು ಸೇರಿಸುವುದು, ಕೊನೆಗೆ ಅವಳು ನನಗೆ ಪ್ರಶ್ನೆ ಹಾಕುವುದು. ಒಂದು ವರ್ಷ ಹೀಗೇ ಹೋಯಿತು. ಮೊನ್ನೆ ಒಬ್ಬಳೇ ಕೂತು ಏನೋ ಓದುತ್ತಿದ್ದವಳು ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. "ಅಮ್ಮ, ಇಲ್ಲಿ ಇವನ ಚಪ್ಪಲಿ ಹೊಳೆಯಲ್ಲಿ ಕೊಚ್ಚಿಕೊಂಡು ಹೋಯ್ತು ಅಂತಿದೆ. ಇಲ್ಲಿ ನೋಡು, ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋದ ಅಂತಿದೆ. ಇದನ್ನ ನೀನು ಬರೆದಿದ್ದಾ?"

ಅಲ್ಲ, ಅಂದೆ. ಅಚ್ಚಾದ ಪುಸ್ತಕ ಅದು.